ಭಾನುವಾರದ ಕೂವೆ ಹಿಟ್ಟು

ಅವರ ಅಡುಗೆಮನೆಗೆ ಹೋಗಬೇಕಾದರೆ ಬಾಗಿಲಲ್ಲೇ ಎರಡೂ ಕೈಯ ಉಗುರು ತೋರಿಸಬೇಕಿತ್ತು. ನಾನೂ ತೋರಿಸಿದ್ದೇನೆ. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಶಿವಮೊಗ್ಗದ ದುರ್ಗಿಗುಡಿಯಲ್ಲಿದ್ದ ಒಂದು ಸಣ್ಣ ದಿನಪತ್ರಿಕೆಯ ವರದಿಗಾರ. ನನ್ನ ಹಿಂದೆ ಮುಂದೆ ನಿಂತಿದ್ದವರೆಲ್ಲ ಹತ್ತು ಹನ್ನೊಂದು ವರ್ಷದ ಮಕ್ಕಳು. ಅವರು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ನನ್ನ ಬೆರಳುಗಳನ್ನು ಒಂದೊಂದಾಗಿ ನೋಡಿದರು. "ಇಂಕು ಪರವಾಗಿಲ್ಲ, ಮಣ್ಣಿರಬಾರ್ದು. ಬಚ್ಚಲಲ್ಲಿ ನೀರಿದೆ, ತೊಳ್ಕೊಂಡು ಬನ್ನಿ" ಎಂದರು. ತೊಳೆದುಕೊಂಡು ಬಂದೆ.

ಅವರು ತೀರಿಕೊಂಡ ಸುದ್ದಿ ಹೋದ ತಿಂಗಳು ಬಂತು. ತುಂಬು ವಯಸ್ಸು; ನಿದ್ದೆಯಲ್ಲೇ ಹೋದರಂತೆ. ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ಒಮ್ಮೆ ಪತ್ರಿಕೆಯಲ್ಲಿ ಹೆಸರು ಹಾಕಿ ಏನಾಯಿತೆಂದು ನೋಡಿದ್ದೇನೆ. ಮಕ್ಕಳು ಅವರನ್ನು ಟೀಚರ್ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ.

ಅರವತ್ತರ ದಶಕದ ನಡುವಿನ ವರ್ಷಗಳು ಅವು. ಟೀಚರ್ ಭದ್ರಾವತಿಯ ನ್ಯೂಟೌನಿನಲ್ಲಿ, ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅಣ್ಣನ ಕ್ವಾರ್ಟರ್ಸಿನಲ್ಲಿದ್ದರು. ಒಂದು ಖಾಸಗಿ ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಮೈಸೂರಿನಲ್ಲಿ ಬಿ.ಎಸ್‌ಸಿ. ಓದಿದ್ದರೂ ಕೆಲಸ ಕಾಯಂ ಆಗಿರಲಿಲ್ಲ. ಪ್ರತಿ ಮೇ ತಿಂಗಳು ಶಾಲೆಯ ಸಮಿತಿ ಸೇರಿ, ಮುಂದಿನ ವರ್ಷವೂ ಇವರು ಇರಲಿ ಎಂದು ಬರೆದರೆ ಮಾತ್ರ ಜೂನ್‌ನಲ್ಲಿ ಶಾಲೆಗೆ ಹೋಗಬಹುದು. ಆ ಶಾಲೆಯ ಪ್ರಯೋಗಾಲಯವೆಂದರೆ ಒಂದು ಬೀರು, ಅದರೊಳಗೆ ಬಾಯಿ ಮುರಿದ ಎರಡು ಗಾಜಿನ ನಳಿಗೆ. ಹಾಗಾಗಿ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಮನೆಯ ಅಡುಗೆಮನೆಯನ್ನೇ ಅವರು ತೆರೆದಿಡುತ್ತಿದ್ದರು. ಬರಬೇಕೆಂದು ಯಾರಿಗೂ ಹೇಳುತ್ತಿರಲಿಲ್ಲ. ಹನ್ನೆರಡು ಹದಿಮೂರು ಮಕ್ಕಳು ತಪ್ಪದೆ ಬರುತ್ತಿದ್ದರು. ಕಾರ್ಖಾನೆಯ ಕೂಲಿಗಳ ಮಕ್ಕಳು, ಗುಮಾಸ್ತರ ಮಕ್ಕಳು, ಹಳೇ ಊರಿನ ಅಂಗಡಿಯವರ ಮಕ್ಕಳು, ಎಲ್ಲರೂ ಒಂದೇ ಚಾಪೆಯ ಮೇಲೆ.

ಪಾಠವೆಲ್ಲ ಪಿಸುಮಾತಿನಲ್ಲಿ. ರಾತ್ರಿ ಪಾಳಿ ಮುಗಿಸಿ ಬಂದ ಅಣ್ಣ ಮುಂದಿನ ಕೋಣೆಯಲ್ಲಿ ಮಲಗಿರುತ್ತಿದ್ದರು. ಅಚ್ಚರಿಯಾದರೆ ಮಕ್ಕಳು ಬಾಯಿಗೆ ಅಂಗೈ ಮುಚ್ಚಿಕೊಳ್ಳಬೇಕು. ಇಷ್ಟು ಶಾಂತವಾದ ತರಗತಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ಒಳಗೊಳಗೆ ನಗುತ್ತ ಅಲುಗಾಡುವ ಹನ್ನೆರಡು ಬೆನ್ನುಗಳು ಈಗಲೂ ಕಣ್ಣ ಮುಂದಿವೆ.

ಅವರ ಮೆಚ್ಚಿನ ವಿಷಯ ದ್ರವಗಳು. ನೀರು, ಎಣ್ಣೆ, ಜೇನು, ಮೊಸರು, ದೋಸೆ ಹಿಟ್ಟು, ದಾಸವಾಳದ ಸೊಪ್ಪಿನ ಲೋಳೆ. ಒಂದೊಂದಕ್ಕೂ ಒಂದೊಂದು ಸ್ವಭಾವವಿದೆ, ಮನುಷ್ಯರನ್ನು ಗುರುತು ಹಿಡಿದ ಹಾಗೆ ಹಿಡಿಯಬೇಕು ಎನ್ನುತ್ತಿದ್ದರು. ಓರೆ ಮಾಡಿದ ತಟ್ಟೆಯ ಮೇಲೆ ಒಂದು ಚಮಚ ಜೇನು ಬಿಟ್ಟು, "ಇದು ನಿಧಾನಸ್ಥ. ನೀವು ಕಲಕಿ, ಬಿಡಿ, ತನ್ನ ನಡಿಗೇಲೇ ಹೋಗತ್ತೆ. ದಪ್ಪ ಇದ್ರೂ ನೀರಿನ ಜಾತೀನೇ" ಎನ್ನುವರು. ಮೊಸರಿನ ಸರದಿ ಬಂದರೆ, "ಇದಕ್ಕೆ ದಾಕ್ಷಿಣ್ಯ ಜಾಸ್ತಿ. ನಾಕು ಸಲ ಸೌಟು ಆಡಿಸಿದ್ರೆ ಸಡಿಲ ಆಗೋಗತ್ತೆ." ದಾಸವಾಳದ ಲೋಳೆಯನ್ನು ಲೋಟದಿಂದ ಲೋಟಕ್ಕೆ ಸುರಿಯುವಾಗ ನಡುವೆ ಕತ್ತರಿ ಹಾಕಿಸುತ್ತಿದ್ದರು. ಕತ್ತರಿಸಿದ ಎಳೆಯ ಮೇಲಿನ ತುದಿ ಲೋಟದೊಳಕ್ಕೆ ವಾಪಸು ಹೋಗುತ್ತಿತ್ತು. "ತವರು ಮನೆ ಬಿಡಲ್ಲ ಇದು" ಎನ್ನುವರು.

ಅವರ ಬಳಿ ಒಂದು ನೂರು ಪುಟದ ನೋಟ್‌ಬುಕ್ ಇತ್ತು. ಮಕ್ಕಳು ಕೇಳಿದ, ತಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನು ಮಾತ್ರ ಅದರಲ್ಲಿ ಬರೆಯುತ್ತಿದ್ದರು, ಕೇಳಿದವರ ಹೆಸರಿನ ಸಮೇತ. ಅದರಲ್ಲಿ ತನ್ನ ಹೆಸರು ಬರಬೇಕೆಂದು ಮಕ್ಕಳಲ್ಲಿ ಪೈಪೋಟಿ. ಇರುವೆ ಜೇನಿನಲ್ಲಿ ಮುಳುಗುವಾಗ ಅದಕ್ಕೆ ಜೇನು ಗಟ್ಟಿ ಅನಿಸುತ್ತದೋ ನೀರು ಅನಿಸುತ್ತದೋ ಎಂಬ ಪ್ರಶ್ನೆ ಆ ಪುಸ್ತಕದಲ್ಲಿದ್ದದ್ದು ನನಗೆ ನೆನಪಿದೆ. ಕೇಳಿದವಳು ಸೆಲ್ವಿ, ಫರ್ನೇಸಿನಲ್ಲಿ ಕೆಲಸ ಮಾಡುತ್ತಿದ್ದ ತಮಿಳು ಕಾರ್ಮಿಕರೊಬ್ಬರ ಮಗಳು. ತರಗತಿಯಲ್ಲಿ ಎಲ್ಲರಿಗಿಂತ ಸಣ್ಣವಳು, ಟೀಚರಿನ ಬಲಗೈ.

ನಾನು ಮೊದಲು ಹೋದ ದಿನ ಕೂವೆ ಹಿಟ್ಟಿನ ಸರದಿ. ಮಲೆನಾಡಿನವರಿಗೆ ಕೂವೆ ಹೊಸದಲ್ಲ. ಗೆಡ್ಡೆ ತುರಿದು, ನೀರಲ್ಲಿ ಕಲಸಿ ಸೋಸಿ, ತಳ ಕೂರಿಸಿ, ಒಣಗಿಸಿದ ಬಿಳಿ ಹಿಟ್ಟು. ಎಳೆ ಮಕ್ಕಳಿಗೂ ಹೊಟ್ಟೆ ಕೆಟ್ಟವರಿಗೂ ಗಂಜಿ ಮಾಡಿ ಕೊಡುತ್ತಾರೆ. ಟೀಚರ್ ಒಂದು ಡಬ್ಬಿಯಿಂದ ಎರಡು ಪಾವಿನಷ್ಟು ಹಿಟ್ಟನ್ನು ಬೋಗುಣಿಗೆ ಸುರಿದು, ಸೆಲ್ವಿ ಹೊಯ್ದ ನೀರಿಗೆ ಮೆಲ್ಲಗೆ ಕಲಸಿದರು. ನೋಡಲು ಮಜ್ಜಿಗೆಯ ಹಾಗಿತ್ತು.

"ಪೇಪರಿನೋರೆ, ಒಂದು ಏಟು ಹಾಕಿ" ಎಂದರು.

ಅಂಗಿಗೆ ಸಿಡಿಯುತ್ತದೆಂದು ಹಿಂಜರಿದೆ. "ಹಾಕಿ ಸಾರ್" ಎಂದು ಮಕ್ಕಳು ಪಿಸುಗುಟ್ಟಿದರು. ಮುಷ್ಟಿ ಕಟ್ಟಿ ಗುದ್ದಿದೆ. ಒಂದು ಹನಿಯೂ ಸಿಡಿಯಲಿಲ್ಲ. ಹಲಗೆಗೆ ಗುದ್ದಿದ ಹಾಗೆ ಕೈ ನೊಂದಿತು. ಹನ್ನೆರಡು ಅಂಗೈಗಳು ಹನ್ನೆರಡು ಬಾಯಿಗಳನ್ನು ಮುಚ್ಚಿದವು.

"ಈಗ ಸುಮ್ನೆ ಬೆರಳು ಇಡಿ. ಒತ್ತಬೇಡಿ."

ಇಟ್ಟೆ. ಬೆರಳು ತಾನಾಗಿಯೇ ತಳಕ್ಕೆ ಇಳಿಯಿತು.

"ಅವಸರದಲ್ಲಿ ಕೇಳಿದ್ರೆ ಇದು ಉತ್ತರ ಕೊಡಲ್ಲ. ಪುಸ್ತಕದಲ್ಲಿ ಇಂಥದಕ್ಕೆ ನ್ಯೂಟನ್ನನ ನಿಯಮಕ್ಕೆ ಬಗ್ಗದ ದ್ರವ ಅಂತಾರೆ. ಹೆಸರು ಆಮೇಲೆ. ಏನಾಯ್ತು ಹೇಳೇ ಸೆಲ್ವಿ."

"ಹೊಡೆದ್ರೆ ಕಲ್ಲು ಟೀಚರ್. ಬಿಟ್ರೆ ತಣ್ಣಿ."

"ತಣ್ಣಿ ಅಲ್ಲ ಮಾರಾಯ್ತಿ, ನೀರು" ಎಂದು ಪಕ್ಕದ ಹುಡುಗಿ ಕೆಣಕಿದಳು.

"ತಣ್ಣೀನೂ ನೀರೇ. ಯಾಕೆ ಹಾಗೆ ಆಗತ್ತೆ, ಅದನ್ನ ಹೇಳಿ" ಎಂದರು ಟೀಚರ್. ಅವರೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಕ್ಕಳನ್ನೆಲ್ಲ ಆ ಸಣ್ಣ ಅಡುಗೆಮನೆಯಲ್ಲಿ ಒತ್ತಾಗಿ ನಿಲ್ಲಿಸಿದರು. ನಡುವೆ ಸೆಲ್ವಿಗೆ ಮೆಲ್ಲಗೆ ನುಸುಳಿ ಹೋಗಲು ಹೇಳಿದರು. ಎಲ್ಲರೂ ಚೂರು ಚೂರು ಸರಿದು ದಾರಿ ಕೊಟ್ಟರು. ಆಮೇಲೆ ಓಡಿ ಹೋಗಲು ಹೇಳಿದರು. ಭುಜಕ್ಕೆ ಭುಜ ತಗುಲಿ ಎಲ್ಲರೂ ಗಂಟಾಗಿ ನಿಂತರು. "ಹಿಟ್ಟಿನ ಕಣಗಳೂ ಹೀಗೇ" ಎಂದರು. ಅದಕ್ಕಿಂತ ಸ್ಪಷ್ಟವಾದ ವಿವರಣೆಯನ್ನು ನಾನು ಆಮೇಲೂ ಓದಿಲ್ಲ.

ಐದಕ್ಕೆ ಶಿವಮೊಗ್ಗದ ಬಸ್ಸು. ನಾನು ಎದ್ದೆ.

"ಇನ್ನೂ ಮುಗ್ದಿಲ್ಲ, ಕೂತ್ಕೊಳ್ಳಿ."

"ಈ ಬಸ್ಸು ತಪ್ಪಿದ್ರೆ ನಾಳಿನ ಪೇಪರಿಗೆ ಆಗಲ್ಲ ಟೀಚರ್."

"ನಾಡಿದ್ದಿನ ಪೇಪರಿಗೆ ಹಾಕಿ. ಹಿಟ್ಟೇನು ಓಡಿಹೋಗಲ್ಲ."

ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ತಿರುಗಿ ನೋಡಿದೆ. ಅವರು ಬೋಗುಣಿಗೆ ಬಿಂದಿಗೆಯಿಂದ ನೀರು ಸುರಿಯುತ್ತಿದ್ದರು. ತೊಳೆದು ಚೆಲ್ಲುವುದಕ್ಕೆ ಎಂದುಕೊಂಡೆ. ಕೇಳಲಿಲ್ಲ.

ವರದಿ ಮರುದಿನ ಮೂರನೆಯ ಪುಟದಲ್ಲಿ ಬಂತು. ಮೆಚ್ಚಿಯೇ ಬರೆದಿದ್ದೆ. ಶೀರ್ಷಿಕೆ ಕೊಟ್ಟದ್ದು ಸಂಪಾದಕರು: 'ಹಿಟ್ಟಿನಲ್ಲಿ ಮಕ್ಕಳ ಆಟ.' ಕೊನೆಯ ಸಾಲು ನನ್ನದು: 'ಆಟ ಮುಗಿದ ಬಳಿಕ ಶಿಕ್ಷಕಿ ಬೋಗುಣಿಗೆ ಬಿಂದಿಗೆ ನೀರು ಸುರಿದರು.' ಅದೇ ಪುಟದಲ್ಲಿ, ಅದರ ಕೆಳಗೇ, ರೇಷನ್ ಅಂಗಡಿಗಳ ಮುಂದೆ ಬೆಳಗಿನಿಂದ ನಿಂತ ಹೆಂಗಸರ ಸಾಲಿನ ಸುದ್ದಿ ಇತ್ತು. ಅಕ್ಕಿ, ಗೋಧಿ, ಸಕ್ಕರೆ ಯಾವುದೂ ಸಾಕಷ್ಟು ಸಿಗದ ಕಾಲ. ಎರಡು ಸುದ್ದಿಯನ್ನೂ ಬರೆದವನು ನಾನೇ. ಪುಟ ಕಟ್ಟುವಾಗ ಪಕ್ಕದಲ್ಲಿ ನಿಂತಿದ್ದವನೂ ನಾನೇ. ಆದರೂ ಹೊಳೆಯಲಿಲ್ಲ.

ಓದುಗರಿಗೆ ಹೊಳೆಯಿತು. ನಾಲ್ಕು ದಿನದಲ್ಲಿ ಒಂಬತ್ತು ಪತ್ರ. ಮಗುವಿಗೆ ಗಂಜಿ ಕಾಸಲು ಹಿಡಿ ಹಿಟ್ಟಿಲ್ಲದಾಗ ಬೋಗುಣಿಗಟ್ಟಲೆ ಕಲಸಿ ಬಚ್ಚಲಿಗೆ ಚೆಲ್ಲುವವರು ಮಕ್ಕಳಿಗೆ ಏನು ಕಲಿಸಿಯಾರು ಎಂದು ಒಬ್ಬ ತಾಯಿ ಬರೆದಿದ್ದರು. ಒಂದು ಪತ್ರದ ಪ್ರತಿ ಶಾಲೆಯ ಸಮಿತಿಗೂ ಹೋಗಿತ್ತು. ಸಮಿತಿ ಟೀಚರಿಗೆ ನೋಟಿಸ್ ಕೊಟ್ಟಿತು: ಮುಂದಿನ ಭಾನುವಾರ ಅಧ್ಯಕ್ಷರು ಖುದ್ದಾಗಿ ಬಂದು ನೋಡುತ್ತಾರೆ, ಹಿಟ್ಟು ದಂಡ ಮಾಡಿದ್ದು ನಿಜವಾದರೆ ಜೂನ್‌ನಿಂದ ಬರುವುದು ಬೇಡ.

ಇದನ್ನು ನಮ್ಮ ಕಚೇರಿಗೆ ಬಂದು ಹೇಳಿದವರು ಟೀಚರಿನ ಅಣ್ಣ. "ಅವಳು ಚೆಲ್ಲಲ್ಲ ಸ್ವಾಮಿ. ತಳ ಕೂರಿಸಿ, ಮೇಲಿನ ನೀರು ಬಸ್ದು, ಬಿಸಿಲಿಗೆ ಒಣಗಿಸಿ, ಮತ್ತೆ ಡಬ್ಬೀಗೆ ತುಂಬ್ತಾಳೆ. ಮೂರು ವರ್ಷದಿಂದ ಅದೇ ಹಿಟ್ಟು" ಎಂದರು. ಗದರಲಿಲ್ಲ. ಕುಳಿತುಕೊಳ್ಳಿ ಎಂದರೂ ಕೂರದೆ, ಪಾಳಿಗೆ ಹೊತ್ತಾಯಿತೆಂದು ಹೊರಟರು.

ನಾನು ಸಂಪಾದಕರ ಮುಂದೆ ಹೋಗಿ ತಿದ್ದುಪಡಿ ಹಾಕಬೇಕೆಂದೆ. ಅವರು ವರದಿಯನ್ನು ಮತ್ತೆ ಓದಿದರು. "ನೀರು ಸುರಿದಿದ್ದು ನಿಜವೋ ಸುಳ್ಳೋ?"

"ನಿಜ ಸಾರ್."

"ಯಾವ ವಾಕ್ಯ ತಪ್ಪು ಹೇಳು ಮಾರಾಯ, ತಿದ್ದೋಣ."

ಯಾವ ವಾಕ್ಯವೂ ತಪ್ಪಾಗಿರಲಿಲ್ಲ. ಅದೇ ಕಷ್ಟ.

"ಹೋಗಿ ಪೂರ್ತಿ ನೋಡ್ಕೊಂಡು ಬಾ. ಬರೆದ್ರೆ ಹಾಕ್ತೀನಿ" ಎಂದರು.

ಆ ಭಾನುವಾರ ಊಟಕ್ಕೂ ಮೊದಲೇ ಭದ್ರಾವತಿಯಲ್ಲಿದ್ದೆ. ಕ್ಷಮೆ ಕೇಳಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಟೀಚರ್ ಅದಕ್ಕೆ ಅವಕಾಶ ಕೊಡಲಿಲ್ಲ. "ನಿಮ್ಮ ಕೊನೇ ಸಾಲು ಚೆನ್ನಾಗಿತ್ತು. ಅದರ ಮುಂದೆ ಇನ್ನೊಂದು ಗಂಟೆ ಕೆಲಸ ಇತ್ತು, ಅಷ್ಟೇ. ಊಟ ಆಯ್ತಾ?" ಎಂದರು. ಬೆಳಗ್ಗಿನ ಚಿತ್ರಾನ್ನ ಬಡಿಸಿದರು. ಪೆಟ್ಟು ತಿನ್ನಲು ಬಂದವನಿಗೆ ಚಿತ್ರಾನ್ನ ನುಂಗುವುದು ಸುಲಭವಲ್ಲ.

ಮೂರಕ್ಕೆ ಸರಿಯಾಗಿ ಅಧ್ಯಕ್ಷರು ಬಂದರು. ಹಳೇ ಊರಿನಲ್ಲಿ ಅಕ್ಕಿ ಗಿರಣಿಯ ಯಜಮಾನರು. ಹಣೆಯ ತುಂಬ ವಿಭೂತಿ, ಒಗೆದ ಬಿಳಿ ಪಂಚೆ. ಜೊತೆಗೆ ಶಾಲೆಯ ಗುಮಾಸ್ತ, ಕೈಯಲ್ಲಿ ಕಾಗದ. ಟೀಚರ್ ಆ ಇಬ್ಬರ ಉಗುರು ನೋಡಲಿಲ್ಲ. ಮಕ್ಕಳದ್ದು ಮಾತ್ರ ನೋಡಿದರು.

ಪಾಠ ಎಂದಿನಂತೆಯೇ ನಡೆಯಿತು. ಅಧ್ಯಕ್ಷರು ಮಣೆಯ ಮೇಲೆ ಕೂತು, ಮಕ್ಕಳು ಒಬ್ಬೊಬ್ಬರಾಗಿ ಗುದ್ದುವುದನ್ನೂ ಬೆರಳಿಳಿಸುವುದನ್ನೂ ನೋಡಿದರು. ನೀವೂ ಕೈ ಹಾಕಿ ಎಂದು ಯಾರೂ ಹೇಳಲಿಲ್ಲ. ಕೊನೆಗೆ ಟೀಚರ್ ಬಿಂದಿಗೆ ನೀರು ಸುರಿದು, ಕಲಕಿ, ಬೋಗುಣಿಯನ್ನು ಮೂಲೆಗಿಟ್ಟು, "ಇನ್ನು ಒಂದು ಗಂಟೆ ಕಾಯ್ಬೇಕು" ಎಂದರು. ಎಲ್ಲರೂ ಕಾದೆವು. ಗುಮಾಸ್ತ ತೂಕಡಿಸಿದ. ನೀರು ಮೇಲಿಂದ ಕೆಳಕ್ಕೆ ನಿಧಾನವಾಗಿ ತಿಳಿಯಾಗುತ್ತ ಬಂತು. ಟೀಚರ್ ಬಸಿದಾಗ ತಳದಲ್ಲಿ ಬಿಳಿಯ ಗಟ್ಟಿ ಬಿಲ್ಲೆ ಕೂತಿತ್ತು.

"ಇಷ್ಟೂ ಹಿಟ್ಟು ಇಲ್ಲೇ ಇದೆ, ಯಜಮಾನ್ರೆ. ಮಕ್ಕಳ ಕೈಗೆ ಅಂಟಿ ಒಂದು ಚಮಚ ಹೋಗಿರಬಹುದು."

ಅಧ್ಯಕ್ಷರು ಬಿಲ್ಲೆಯನ್ನು ಬಗ್ಗಿ ನೋಡಿದರು. "ಕೂವೆ ತೆಗೆಯೋದು ನಮ್ಮನೇಲೂ ಗೊತ್ತು ಟೀಚರ್. ನಮ್ಮವ್ವ ತೆಗೀತಿದ್ಲು. ಆದ್ರೆ ಒಂದು ಮಾತು. ಇಷ್ಟು ಜನ ಮಕ್ಕಳು, ಎಲ್ಲಾ ಥರದವರೂ ಕೈ ಹಾಕಿದಾರೆ. ಇದನ್ನ ಯಾರು ತಿಂತಾರೆ? ಯಾರೂ ತಿನ್ನಲ್ಲ ಅಂದ್ಮೇಲೆ ಡಬ್ಬೀಲಿದ್ರೂ ದಂಡವೇ, ಬಚ್ಚಲಲ್ಲಿದ್ರೂ ದಂಡವೇ."

ಒಂಬತ್ತು ಪತ್ರಗಳಲ್ಲಿ ಯಾರೂ ಬರೆಯದಿದ್ದ ಮಾತು ಅದು. ಕೋಣೆಯಲ್ಲಿದ್ದ ಎಲ್ಲರಿಗೂ, ಮಕ್ಕಳಿಗೂ, ಅರ್ಥವಾಯಿತು. ಸೆಲ್ವಿ ತನ್ನ ಕೈಗಳನ್ನು ಲಂಗದ ಹಿಂದೆ ಕಟ್ಟಿಕೊಂಡಳು.

ಟೀಚರ್ ಅದನ್ನು ನೋಡಿದರು. ಒಲೆಗೆ ಎರಡು ಕಟ್ಟಿಗೆ ತುಂಡು ಇಟ್ಟು, "ಸೆಲ್ವಿ, ಬೆಲ್ಲದ ಡಬ್ಬಿ ತಗೊಂಬಾ" ಎಂದರು.

"ಎಷ್ಟು ಹಿಟ್ಟು ಟೀಚರ್?"

"ಎಲ್ಲಾನೂ."

"ಬೇಯ್ಸಿದ್ರೆ ಮತ್ತೆ ಹಿಟ್ಟಾಗಲ್ವಲ್ಲ ಟೀಚರ್. ನೀವೇ ಹೇಳಿದ್ರಿ."

"ಆಗಲ್ಲ. ಅರ್ಧ ಬೇಯ್ಸಿದ್ರೆ ಅರ್ಧ ಅನುಮಾನ ಉಳಿಯತ್ತೆ ಕಣೇ."

ಸಂತೆಯಲ್ಲೂ ಕೂವೆ ಕಣ್ಣಿಗೆ ಬೀಳದ ದಿನಗಳವು. ಮೂರು ವರ್ಷ ಒಣಗಿಸಿ, ತುಂಬಿಸಿ, ಜೋಪಾನ ಮಾಡಿದ್ದು ಆ ಎರಡು ಪಾವು. ಅದಷ್ಟನ್ನೂ ದೊಡ್ಡ ಪಾತ್ರೆಗೆ ಹಾಕಿ, ಬೆಲ್ಲದ ನೀರು, ಇದ್ದ ಒಂದು ಲೋಟ ಹಾಲು ಬೆರೆಸಿ ಕೈ ಬಿಡದೆ ತಿರುವಿದರು. ಸುಣ್ಣದಂತಿದ್ದದ್ದು ಮಂಕಾಯಿತು, ಆಮೇಲೆ ಗಾಜಿನಂತೆ ಹೊಳೆಯಿತು. ಅಷ್ಟರಲ್ಲೂ ಅವರು ಮಕ್ಕಳನ್ನು ಕರೆದು, "ನೋಡಿ, ಕಾವು ತಗುಲಿದ ಮೇಲೆ ಕಣ ಉಬ್ಬಿ ಒಂದಕ್ಕೊಂದು ಹೆಣ್ಕೊಂಡ್ವು. ಇನ್ನು ಹೊಡೆದ್ರೂ ಕಲ್ಲಾಗಲ್ಲ" ಎಂದು ಪಿಸುಗುಟ್ಟಿದರು. ಕೆಲಸ ಹೋಗುವ ಹೊತ್ತಿನಲ್ಲೂ ಆ ಮನುಷ್ಯೆಗೆ ಪಾಠ ಬಿಟ್ಟುಹೋಗಬಾರದು.

ಹದಿನಾರು ಬಟ್ಟಲು, ಲೋಟ, ಮುಚ್ಚಳಗಳಿಗೆ ಬಡಿಸಿದರು. ತಾವು ಮೊದಲು ತಿಂದರು. ಮಕ್ಕಳು ತಿಂದರು. ನಾನು ತಿಂದೆ. ಅಧ್ಯಕ್ಷರ ಬಟ್ಟಲನ್ನು ಸೆಲ್ವಿಯ ಕೈಯಲ್ಲೇ ಕೊಡಿಸಿದರು. ಅವರು ಬಟ್ಟಲನ್ನು ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡರು. ಇಟ್ಟುಕೊಂಡೇ ಇದ್ದರು. ಹಬೆ ಪೂರ್ತಿ ಆರಿತು. ಮೇಲೆ ತೆಳ್ಳಗೆ ಕೆನೆಗಟ್ಟಿತು. ಗುಮಾಸ್ತ ಅವರ ಮುಖ ನೋಡುತ್ತಿದ್ದ. ಆಮೇಲೆ ಅವರು ಚಮಚದಿಂದ ಕೆನೆ ಸರಿಸಿ ಒಂದು ತುತ್ತು ತಿಂದರು, ಇನ್ನೊಂದು ತಿಂದರು, ಬಟ್ಟಲು ಖಾಲಿ ಮಾಡಿದರು. ಗುಮಾಸ್ತನೂ ತಿಂದ.

"ಬೆಲ್ಲ ಸಾಲ್ದು ಟೀಚರ್."

"ಇದ್ದಿದ್ದೇ ಅಷ್ಟು, ಯಜಮಾನ್ರೆ."

ಅವರು ಎದ್ದು ಗುಮಾಸ್ತನಿಗೆ, "ದಂಡ ಆಗಿಲ್ಲ ಅಂತ ಬರ್ಕೊಳಯ್ಯ. ನೀನೂ ತಿಂದೆ, ನಿನ್ನ ಹೆಸರೂ ಹಾಕು" ಎಂದು ಚಪ್ಪಲಿ ಮೆಟ್ಟಿದರು.

ಅವರು ಹೋದ ಮೇಲೆ ಟೀಚರ್ ಅಡುಗೆಮನೆಯ ಹೊಸ್ತಿಲ ಮೇಲೆ ಕೂತರು. ಸ್ವಲ್ಪ ಹೊತ್ತು ಏಳಲಿಲ್ಲ. ಮಕ್ಕಳು ಪಾತ್ರೆ ಕೆರೆದು ನೆಕ್ಕುತ್ತಿದ್ದರು.

ನಾನು ಅಲ್ಲೇ ಚಾಪೆಯ ಮೇಲೆ ವರದಿ ಬರೆದು ಅವರ ಕೈಗೆ ಕೊಟ್ಟೆ. ಅಚ್ಚಾಗುವ ಮೊದಲು ಹೊರಗಿನವರಿಗೆ ಪ್ರತಿ ತೋರಿಸಬಾರದು ಎಂಬುದು ನಮ್ಮ ವೃತ್ತಿಯ ನಿಯಮ. ನಾನು ಅದನ್ನು ಮುರಿದದ್ದು ಆ ಒಂದು ಸಲ ಮಾತ್ರ. ಅವರು ಎರಡು ಸಲ ಓದಿದರು. ನನ್ನ ಪೆನ್ನು ಕೇಳಿ ಪಡೆದು ಒಂದು ವಾಕ್ಯ ಹೊಡೆದು ಹಾಕಿದರು. ಅಧ್ಯಕ್ಷರು ಬಟ್ಟಲನ್ನು ಹಬೆ ಆರುವ ತನಕ ತೊಡೆಯ ಮೇಲಿಟ್ಟುಕೊಂಡಿದ್ದರು ಎಂಬ ವಾಕ್ಯ.

"ಅದು ನಡೆದದ್ದು ಟೀಚರ್. ನೀವೂ ನೋಡಿದ್ರಿ."

"ನೋಡಿದೆ. ತಿಂದ್ರು ಅಂತ ಬರೀರಿ, ಸಾಕು. ಅವರು ಇವತ್ತು ಇಲ್ಲಿ ತಿಂದಿದ್ದಕ್ಕೆ ಮನೇಲಿ ಏನು ಕೇಳ್ಬೇಕೋ ಏನೋ. ಹಿಂಜರಿದಿದ್ದನ್ನೂ ನೀವು ಊರಿಗೆಲ್ಲ ಹೇಳಿದ್ರೆ, ಎರಡು ಕಡೇನೂ ಹೋಯ್ತು ಅವರಿಗೆ."

ಹೊಡೆದು ಹಾಕಿದ ಹಾಗೆಯೇ ಕೊಟ್ಟೆ. ಎರಡನೆಯ ವರದಿ ಅದೇ ಮೂರನೆಯ ಪುಟದಲ್ಲಿ, ಆ ವಾಕ್ಯವಿಲ್ಲದೆ ಬಂತು. ಟೀಚರ್ ಜೂನ್‌ನಲ್ಲಿ ಶಾಲೆಗೆ ಹೋದರು. ಆ ವಾಕ್ಯವನ್ನು ಈಗ ಮೇಲೆ ಬರೆದಿದ್ದೇನೆ, ಇಬ್ಬರೂ ಇಲ್ಲ. ಬರೆಯಬಹುದಿತ್ತೋ ಬಾರದಿತ್ತೋ, ಈಗಲೂ ಖಚಿತವಿಲ್ಲ.

ಗಂಜಿ ತಿಂದ ಆ ಭಾನುವಾರದಿಂದ ಮೂರು ವಾರ ಬಿಟ್ಟು, ಬೇರೆ ಕೆಲಸಕ್ಕೆ ಭದ್ರಾವತಿಗೆ ಹೋದವನು ಭಾನುವಾರವೆಂದು ಅತ್ತ ಕಾಲು ಹಾಕಿದೆ. ಮೊಸರಿನ ಪಾಠ ನಡೆಯುತ್ತಿತ್ತು. ನಡುವೆ ಬಾಗಿಲಲ್ಲಿ ಹೊಸ ಹುಡುಗಿಯೊಬ್ಬಳು ಬಂದು ನಿಂತಳು. ಎರಡು ಜಡೆ, ಇಸ್ತ್ರಿ ಮಾಡಿದ ಲಂಗ. ಕೇಳುವ ಮೊದಲೇ ಒಂದು ಕೈಯ ಉಗುರು ತೋರಿಸಿದಳು. ಇನ್ನೊಂದು ಕೈಯಲ್ಲಿ ಬಟ್ಟೆ ಸುತ್ತಿದ ಏನನ್ನೋ ಕಂಕುಳಿಗೆ ಅವುಚಿಕೊಂಡಿದ್ದಳು. ಗಿರಣಿ ಯಜಮಾನರ ಮೊಮ್ಮಗಳು ಎಂದು ಸೆಲ್ವಿ ನನ್ನ ಕಿವಿಯಲ್ಲಿ ಹೇಳಿದಳು.

"ಅಜ್ಜಿ ಕೊಟ್ಟಿದ್ದು ಟೀಚರ್. ತಾತಂಗೆ ಹೇಳ್ಬೇಡಿ ಅಂದಿದಾರೆ."

ಟೀಚರ್ ಬಟ್ಟೆ ಬಿಚ್ಚಿದರು. ಒಳಗೆ ಹಿತ್ತಾಳೆ ಡಬ್ಬಿ. ಅದರ ತುಂಬ ಬಿಳಿ ಹಿಟ್ಟು. ಚಿಟಿಕೆ ತೆಗೆದು ಬೆರಳುಗಳ ನಡುವೆ ಉಜ್ಜಿ, ಮೂಸಿ ನೋಡಿದರು. ಆಮೇಲೆ ಮೊಸರಿನ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ, ಚಾಪೆಯ ಮೇಲೆ ಆ ಹುಡುಗಿಗೆ ಜಾಗ ಮಾಡಿ, ಒಂದು ಚೊಂಬು ನೀರು ತರಲು ಸೆಲ್ವಿಗೆ ಹೇಳಿದರು.